ತಾಳುವ ತಂಡ, ತಾಳದ ತಂಡ: ಐಸ್ ಹಾಕಿಯ ಎರಡು ಕಥೆ

ಹಾಕಿ ಅಂದ ಕೂಡಲೇ ನಮಗೆ ನೆನಪಾಗೋದು ಕೊಡಗು, ಹಸಿರು ಮೈದಾನ, ಬಿಳಿ ಚೆಂಡು. ಇವತ್ತಿನ ಮಾತು ಅದರದ್ದಲ್ಲ. ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಐಸ್ ಹಾಕಿ, ಅದರಲ್ಲೂ ಅಮೆರಿಕ-ಕೆನಡಾದ ಎನ್‌ಎಚ್‌ಎಲ್, ಅಂದ್ರೆ ನ್ಯಾಷನಲ್ ಹಾಕಿ ಲೀಗ್‌ನದ್ದು. ನಾನು ಕೇಳಿಕೊಳ್ತಿರೋ ಪ್ರಶ್ನೆ ಒಂದೇ: ನಿಧಾನಕ್ಕೆ ಬೆಳೆಯುವ ಹುಡುಗನಿಗಾಗಿ ಒಂದು ತಂಡ ಎಷ್ಟು ಕಾಲ ಕಾಯಬೇಕು? ಮತ್ತೆ, ಆ ಕಾಯುವಿಕೆಯ ಬೆಲೆ ಕೊಡೋರು ಯಾರು?

ಕಥೆ ಶುರು ಮಾಡೋದಕ್ಕೆ 2000ನೇ ಇಸವಿಯ ಜೂನ್ 24ಕ್ಕೆ ಹೋಗೋಣ. ಊರು ಕೆನಡಾದ ಕ್ಯಾಲ್ಗರಿ. ಅವತ್ತು ಎನ್‌ಎಚ್‌ಎಲ್ ಡ್ರಾಫ್ಟ್. ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಜನರಲ್ ಮ್ಯಾನೇಜರ್ ಮೈಕ್ ಮಿಲ್ಬರಿ ಅವರು ತಮ್ಮಲ್ಲಿದ್ದ ಇಬ್ಬರು ಹುಡುಗರನ್ನು ಫ್ಲೋರಿಡಾ ಪ್ಯಾಂಥರ್ಸ್‌ಗೆ ಕೊಟ್ಟುಬಿಟ್ಟರು. ಒಬ್ಬ ಗೋಲ್‌ಕೀಪರ್ ರೊಬರ್ಟೊ ಲುವಾಂಗೊ, ಇನ್ನೊಬ್ಬ ಫಿನ್ಲೆಂಡಿನ ಓಲಿ ಯೋಕಿನೆನ್. ಇಬ್ಬರಿಗೂ 21 ವರ್ಷ. 1997ರ ಡ್ರಾಫ್ಟ್‌ನಲ್ಲಿ ಯೋಕಿನೆನ್ ಮೂರನೆಯವನಾಗಿ, ಲುವಾಂಗೊ ನಾಲ್ಕನೆಯವನಾಗಿ ಆಯ್ಕೆಯಾದವರು. ಬದಲಿಗೆ ಬಂದವರು ಮಾರ್ಕ್ ಪ್ಯಾರಿಶ್ ಮತ್ತು ಓಲೆಗ್ ಕ್ವಾಶಾ. ಅದೇ ದಿನ ಐಲ್ಯಾಂಡರ್ಸ್ ಮೊದಲ ಆಯ್ಕೆಯಾಗಿ ಇನ್ನೊಬ್ಬ ಗೋಲ್‌ಕೀಪರ್‌ನನ್ನು ತಗೊಂಡರು. ಅವನ ಹೆಸರು ರಿಕ್ ಡಿಪಿಯೆಟ್ರೊ.

ಮುಂದೇನಾಯ್ತು ಅನ್ನೋದಕ್ಕೆ ಮೊದಲು ಈ ಡ್ರಾಫ್ಟ್ ಅಂದ್ರೇನು ಅಂತ ಹೇಳಿಬಿಡ್ತೀನಿ. ಇದು ಐಪಿಎಲ್ ಹರಾಜಿನ ಥರ ಅಲ್ಲ. ಇಲ್ಲಿ ಹಣ ಕೂಗಲ್ಲ, ಸರದಿಯ ಪ್ರಕಾರ ಆಯ್ಕೆ ಮಾಡ್ತಾರೆ. ಹಿಂದಿನ ವರ್ಷ ಸೋತ ತಂಡಗಳಿಗೆ ಮುಂಚಿನ ಸರದಿ. 1963ರಲ್ಲಿ ಮಾಂಟ್ರಿಯಲ್‌ನ ಒಂದು ಹೋಟೆಲಿನಲ್ಲಿ ಇದು ಶುರುವಾದಾಗ ಆಯ್ಕೆಯಾದವರು ಬರೀ 21 ಜನ. 1980ರಿಂದ 18 ವರ್ಷದ ಹುಡುಗರೂ ಇದರೊಳಗೆ ಬಂದರು. ಅಂದ್ರೆ, ಪಿಯುಸಿ ಮುಗಿಸೋ ವಯಸ್ಸಿನ ಹುಡುಗ ಹತ್ತು ವರ್ಷದ ಮೇಲೆ ಏನಾಗ್ತಾನೆ ಅಂತ ಇವತ್ತೇ ಊಹಿಸಬೇಕು.

ಊಹೆ ತಪ್ಪೋದು ಸಹಜ. ಗೋಲ್‌ಕೀಪರ್‌ಗಳು ಮತ್ತು ರಕ್ಷಣಾ ಆಟಗಾರರ ವಿಷಯದಲ್ಲಂತೂ ಇನ್ನೂ ಕಷ್ಟ. ಗೋಲು ಹೊಡೆಯೋನ ವೇಗ, ಕೈಚಳಕ 18ಕ್ಕೇ ಕಾಣುತ್ತೆ. ಆದರೆ ರಕ್ಷಣೆಯಲ್ಲಿ ಆಡೋನು ಎದುರಾಳಿಯ ಮನಸ್ಸು ಓದಬೇಕು, ಯಾವಾಗ ಮುಂದೆ ನುಗ್ಗಬೇಕು, ಯಾವಾಗ ಸುಮ್ಮನಿರಬೇಕು ಅಂತ ತಿಳಿಯಬೇಕು. ಅದು ನೂರಾರು ಪಂದ್ಯ ಆಡಿದ ಮೇಲೆ ಬರೋ ವಿದ್ಯೆ. ಗೋಲ್‌ಕೀಪರ್ ಕಥೆ ಬೇರೆ ಥರ: ತಂಡಕ್ಕೆ ಇಬ್ಬರೇ, ಆಡೋನು ಒಬ್ಬನೇ. ಚೆಕ್ ದೇಶದ ಡೊಮಿನಿಕ್ ಹಾಶೆಕ್ ಶಿಕಾಗೊ ತಂಡದಲ್ಲಿ ಎಡ್ ಬೆಲ್ಫೋರ್ ಹಿಂದೆ ಕೂತು ಎರಡು ವರ್ಷದಲ್ಲಿ ಆಡಿದ್ದು 25 ಪಂದ್ಯ. 1992ರಲ್ಲಿ ಶಿಕಾಗೊ ಅವನನ್ನು ಬಫಲೋಗೆ ಕಳಿಸಿತು. ಅಲ್ಲಿ ಸ್ಥಾನ ಗಟ್ಟಿಯಾಗೋ ಹೊತ್ತಿಗೆ ವಯಸ್ಸು 29. ಆಮೇಲೆ ಆರು ಸಲ ಲೀಗ್‌ನ ಶ್ರೇಷ್ಠ ಗೋಲ್‌ಕೀಪರ್, ಎರಡು ಸಲ ಲೀಗ್‌ನ ಅತ್ಯಮೂಲ್ಯ ಆಟಗಾರ.

ಈಗ ಐಲ್ಯಾಂಡರ್ಸ್‌ಗೆ ವಾಪಸ್ ಬರೋಣ. ಇದು ಸಾಮಾನ್ಯ ತಂಡವಲ್ಲ. 1980ರಿಂದ 1983ರವರೆಗೆ ಸತತ ನಾಲ್ಕು ವರ್ಷ ಸ್ಟ್ಯಾನ್ಲಿ ಕಪ್ ಗೆದ್ದವರು. ತೊಂಬತ್ತರ ದಶಕ ಬರೋ ಹೊತ್ತಿಗೆ ಆ ವೈಭವ ಕರಗಿತ್ತು. 1995ರಿಂದ 2001ರವರೆಗೆ ಒಂದು ಸಲವೂ ಪ್ಲೇಆಫ್ ತಲುಪಲಿಲ್ಲ. ನಡುವೆ ಜಾನ್ ಸ್ಪ್ಯಾನೊ ಅನ್ನೋ ವ್ಯಕ್ತಿ ಕೈಯಲ್ಲಿ ಹಣವೇ ಇಲ್ಲದೆ ತಂಡ ಕೊಳ್ಳೋದಕ್ಕೆ ಹೊರಟು, ವಂಚನೆ ಬಯಲಾಗಿ ಜೈಲು ಸೇರಿದ. ಮಾಲೀಕರು ಬದಲಾಗ್ತಾನೇ ಇದ್ದರು. ಮ್ಯಾನೇಜರ್‌ಗೆ ಮುಂದಿನ ವರ್ಷ ತಾನು ಇರ್ತೀನೋ ಇಲ್ಲವೋ ಗೊತ್ತಿಲ್ಲದಾಗ, ಐದು ವರ್ಷದ ಮೇಲೆ ಹಣ್ಣಾಗೋ ಗಿಡಕ್ಕೆ ನೀರು ಹಾಕೋರು ಯಾರು?

ಹಾಗಾಗಿ ಗಿಡಗಳು ಒಂದೊಂದಾಗಿ ಬೇರೆ ತೋಟ ಸೇರಿದವು. 1998ರಲ್ಲಿ ಟಾಡ್ ಬರ್ಟುಜಿ ಮತ್ತು ಬ್ರಯಾನ್ ಮೆಕೇಬ್ ವ್ಯಾಂಕೂವರ್‌ಗೆ ಹೋದರು. ಐದು ವರ್ಷದ ನಂತರ ಬರ್ಟುಜಿ ಒಂದೇ ಋತುವಿನಲ್ಲಿ 46 ಗೋಲು ಹೊಡೆದ. 2000ದಲ್ಲಿ ಲುವಾಂಗೊ, ಯೋಕಿನೆನ್. 2001ರಲ್ಲಿ ಸ್ಲೊವಾಕಿಯಾದ ಝ್ಡೆನೊ ಖಾರಾ. ಆರು ಅಡಿ ಒಂಬತ್ತು ಇಂಚು ಎತ್ತರ, 1996ರಲ್ಲಿ 56ನೆಯವನಾಗಿ ಆಯ್ಕೆ. ಅಷ್ಟು ಉದ್ದದ ಕೈಕಾಲು ಐಸ್ ಮೇಲೆ ಹದಕ್ಕೆ ಬರೋಕೆ ಸಮಯ ಬೇಕಿತ್ತು. ಐಲ್ಯಾಂಡರ್ಸ್ ಅವನನ್ನೂ, ಬಿಲ್ ಮಕಾಲ್ಟ್ ಅನ್ನೋ ಆಟಗಾರನನ್ನೂ, ಆ ವರ್ಷದ ಎರಡನೇ ಸರದಿಯನ್ನೂ ಒಟ್ಟಾವಾಗೆ ಕೊಟ್ಟು ಅಲೆಕ್ಸಿ ಯಾಶಿನ್ ಅನ್ನೋ ಸಿದ್ಧ ತಾರೆಯನ್ನು ತಂದರು. ಆ ಸರದಿಯಲ್ಲಿ ಒಟ್ಟಾವಾ ಆರಿಸಿದ ಜೇಸನ್ ಸ್ಪೆಜಾ ಮುಂದೆ 1,200ಕ್ಕೂ ಹೆಚ್ಚು ಪಂದ್ಯ ಆಡಿದ. ಖಾರಾ 2009ರಲ್ಲಿ ಲೀಗ್‌ನ ಶ್ರೇಷ್ಠ ಡಿಫೆಂಡರ್ ಅನ್ನಿಸಿಕೊಂಡ, 2011ರಲ್ಲಿ ಬಾಸ್ಟನ್ ನಾಯಕನಾಗಿ ಕಪ್ ಎತ್ತಿದ, 1,680 ಪಂದ್ಯ ಆಡಿ ನಿವೃತ್ತನಾದ. ಯಾವ ಡಿಫೆಂಡರ್ ಕೂಡ ಅಷ್ಟು ಆಡಿರಲಿಲ್ಲ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಯಾಶಿನ್ ಬಂದ ಮೊದಲ ವರ್ಷವೇ, 2002ರಲ್ಲಿ, ಐಲ್ಯಾಂಡರ್ಸ್ ಪ್ಲೇಆಫ್ ಮುಟ್ಟಿತು. ಟೊರೊಂಟೊ ಎದುರು ಏಳು ಪಂದ್ಯದವರೆಗೆ ಹೋರಾಡಿ ಸೋತಿತು. ಅಂದ್ರೆ, ಆತುರ ಏನನ್ನೂ ಕೊಡಲ್ಲ ಅನ್ನೋದು ಸುಳ್ಳು. ಅದು ಇವತ್ತಿನ ಊಟ ಕೊಡುತ್ತೆ. ಬಿಲ್ ಆಮೇಲೆ ಬರುತ್ತೆ. ಯಾಶಿನ್‌ಗೆ ಕೊಟ್ಟಿದ್ದ ಹತ್ತು ವರ್ಷದ ಒಪ್ಪಂದವನ್ನು 2007ರಲ್ಲೇ ಹಣ ಕೊಟ್ಟು ಮುರಿಯಬೇಕಾಯ್ತು. ಡಿಪಿಯೆಟ್ರೊಗೆ 2006ರಲ್ಲಿ 15 ವರ್ಷಕ್ಕೆ 6.75 ಕೋಟಿ ಡಾಲರ್ ಬರೆದುಕೊಟ್ಟರು. ಗಾಯದ ಮೇಲೆ ಗಾಯ ಆಗಿ 2013ರಲ್ಲಿ ಅದನ್ನೂ ಮುರಿದರು. ಅದರ ಕಂತು ವರ್ಷಕ್ಕೆ 15 ಲಕ್ಷ ಡಾಲರ್, 2029ರವರೆಗೆ. ಅತ್ತ ಲುವಾಂಗೊ 489 ಪಂದ್ಯ ಗೆದ್ದು, 2022ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಈಗ ಇನ್ನೊಂದು ಊರು, ಡೆಟ್ರಾಯಿಟ್. ತಾಳ್ಮೆ ಅಂದ್ರೆ ಹಾಕಿ ಜನ ಇವತ್ತಿಗೂ ಬೆರಳು ತೋರಿಸೋದು ಈ ರೆಡ್ ವಿಂಗ್ಸ್ ಕಡೆಗೆ. ಇವರ ಸ್ವೀಡಿಷ್ ಸ್ಕೌಟ್ ಹೋಕನ್ ಆಂಡರ್ಸನ್ ಅವರು ರಷ್ಯಾದಲ್ಲಿ ಬೇರೆ ಯಾರನ್ನೋ ನೋಡೋಕೆ ಹೋಗಿ, ಎದುರು ತಂಡದ ಒಬ್ಬ ಸಣ್ಣ ಮೈಕಟ್ಟಿನ ಹುಡುಗನ ಮೇಲೆ ಕಣ್ಣಿಟ್ಟರು. ಆ ಹುಡುಗ ಪಾವೆಲ್ ದತ್ಸ್ಯೂಕ್. 1998ರಲ್ಲಿ ಡೆಟ್ರಾಯಿಟ್ ಅವನನ್ನು ಆರಿಸಿದ್ದು 171ನೆಯವನಾಗಿ. ಮರುವರ್ಷ ಸ್ವೀಡನ್ನಿನ ಹೆನ್ರಿಕ್ ಝೆಟ್ಟರ್‌ಬರ್ಗ್, 210ನೆಯವನು. ಇಬ್ಬರನ್ನೂ ತಕ್ಷಣ ಕರೆಸಲಿಲ್ಲ. ತಮ್ಮ ತಮ್ಮ ದೇಶದಲ್ಲಿ ದೊಡ್ಡವರ ಜೊತೆ ಆಡಿಕೊಂಡಿದ್ದರು. ದತ್ಸ್ಯೂಕ್ ಬಂದಿದ್ದು 2001ರಲ್ಲಿ, 23ನೇ ವಯಸ್ಸಿಗೆ. ಝೆಟ್ಟರ್‌ಬರ್ಗ್ 2002ರಲ್ಲಿ, 22ಕ್ಕೆ ಬಂದ.

ಬಂದ ಮೇಲೂ ದತ್ಸ್ಯೂಕ್ ಭಾರ ಹೊರಬೇಕಾಗಿರಲಿಲ್ಲ. ಸ್ಟೀವ್ ಐಜರ್‌ಮನ್, ನಿಕ್ಲಾಸ್ ಲಿಡ್‌ಸ್ಟ್ರೋಮ್, ಬ್ರೆಟ್ ಹಲ್ ಥರದವರು ತಂಡದಲ್ಲಿದ್ದರು. ಮೊದಲ ವರ್ಷ 11 ಗೋಲು, ಎರಡನೇ ವರ್ಷ 12. ಬೇರೆ ಊರಲ್ಲಾಗಿದ್ದರೆ ಪತ್ರಿಕೆಗಳು ಕೇಳ್ತಿದ್ದವು, ಇಷ್ಟೇನಾ ಅಂತ. ಇಲ್ಲಿ ಯಾರೂ ಕೇಳಲಿಲ್ಲ, ಯಾಕಂದ್ರೆ 2002ರಲ್ಲಿ ತಂಡ ಕಪ್ ಗೆದ್ದಿತ್ತು. 2008ರಲ್ಲಿ ಮತ್ತೆ ಗೆದ್ದಾಗ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಝೆಟ್ಟರ್‌ಬರ್ಗ್, ಆ ವರ್ಷ ರಕ್ಷಣೆಯಲ್ಲೂ ಮಿಂಚಿದ ಶ್ರೇಷ್ಠ ಫಾರ್ವರ್ಡ್ ದತ್ಸ್ಯೂಕ್.

ಡೆಟ್ರಾಯಿಟ್‌ನವರಿಗೆ ಇದಕ್ಕೊಂದು ಹೆಸರೇ ಇತ್ತು: ಹುಡುಗರು ಗಿಡದಲ್ಲೇ ಅತಿಯಾಗಿ ಮಾಗಲಿ. ಕಾರ್ಬೈಡ್ ಹಾಕಿ ಹಣ್ಣು ಮಾಡಿದ ಮಾವು ತಿಂದವರಿಗೆ ಈ ಮಾತು ವಿವರಿಸಬೇಕಾಗಿಲ್ಲ. ಅವರ ಕೆಳಹಂತದ ತಂಡ ಗ್ರ್ಯಾಂಡ್ ರ್‍ಯಾಪಿಡ್ಸ್ ಗ್ರಿಫಿನ್ಸ್ 2013ರಲ್ಲಿ ತನ್ನ ಲೀಗಿನ ಕಪ್ ಗೆದ್ದಿತು. ಆ ತಂಡದ ಗುಸ್ತಾವ್ ನೀಕ್ವಿಸ್ಟ್ ಮುಂದಿನ ಋತುವಿನಲ್ಲಿ ಡೆಟ್ರಾಯಿಟ್‌ಗಾಗಿ 57 ಪಂದ್ಯದಲ್ಲಿ 28 ಗೋಲು ಹೊಡೆದ. ಆಗ ಅವನಿಗೆ 24.

ಇಲ್ಲಿಗೆ ನಿಲ್ಲಿಸಿದರೆ ಇದು ನೀತಿಕಥೆ ಆಗುತ್ತೆ. ತಾಳಿದವನು ಬಾಳಿಯಾನು, ಮುಗೀತು. ಆದರೆ ನನಗೆ ಅಷ್ಟು ಸುಲಭಕ್ಕೆ ಒಪ್ಪೋಕೆ ಆಗಲ್ಲ. ಇದೇ ಡೆಟ್ರಾಯಿಟ್ 1983ರಲ್ಲಿ ಸೋತು ಸುಣ್ಣವಾಗಿದ್ದಾಗ ಐಜರ್‌ಮನ್‌ನನ್ನು 18ಕ್ಕೇ ಐಸ್ ಮೇಲೆ ಇಳಿಸಿತ್ತು. ಅವನು ಗೆದ್ದ, ಅದು ಬೇರೆ ಮಾತು. ತಾಳ್ಮೆ ಆ ತಂಡದ ಸ್ವಭಾವ ಆಗಿರಲಿಲ್ಲ, ಗೆಲ್ಲೋಕೆ ಶುರು ಮಾಡಿದ ಮೇಲೆ ಬಂದ ಅನುಕೂಲ ಅದು. ನೀಕ್ವಿಸ್ಟ್ ಕೆಳಗೆ ಕಾದಿದ್ದಕ್ಕೆ ಒಂದು ಕಾರಣ ಮೇಲೆ ಜಾಗ ಖಾಲಿ ಇರಲಿಲ್ಲ ಅನ್ನೋದು. 1991ರಿಂದ 2016ರವರೆಗೆ ಸತತ 25 ಸಲ ಪ್ಲೇಆಫ್ ಆಡಿದ ತಂಡ ಕಾಯಬಹುದು. ಏಳು ವರ್ಷ ಸೋತ ಐಲ್ಯಾಂಡರ್ಸ್‌ಗೆ ಹೊಸ ಹುಡುಗರೇ ಆಸರೆ, ಅವರಿಗಾಗಿ ಕಾಯೋ ಶಕ್ತಿಯೂ ಅವರಲ್ಲೇ ಇರಲಿಲ್ಲ. ತಾಳ್ಮೆ ಯಾರಿಗೆ ಹೆಚ್ಚು ಬೇಕೋ ಅವರ ಕೈಯಲ್ಲಿ ಅದು ಕಡಿಮೆ. ಸಾಲಗಾರ ಬೆಳೆಯನ್ನು ಕೊಯ್ಲಿಗೆ ಮೊದಲೇ ಮಾರೋದು ಹೀಗೇ ಅಲ್ವಾ?

ಇನ್ನೊಂದು ಮಾತು. 2017ರಿಂದ ಡೆಟ್ರಾಯಿಟ್ ಕೂಡ ವರ್ಷಗಟ್ಟಲೆ ಪ್ಲೇಆಫ್ ಕಾಣಲಿಲ್ಲ. ವಿಧಾನ ಅದೇ ಇತ್ತು, ಆದರೆ ಇನ್ನೊಬ್ಬ ದತ್ಸ್ಯೂಕ್ ಸಿಗಲಿಲ್ಲ. ಕಾದು ಕಾದು ಏನೂ ಆಗದ ಹುಡುಗರ ಹೆಸರು ನಮಗೆ ನೆನಪಿರಲ್ಲ, ಅಷ್ಟೇ.

2005ರ ನಂತರ ಲೆಕ್ಕ ಇನ್ನೂ ಬಿಗಿಯಾಯ್ತು. ಒಂದು ಇಡೀ ಋತು ರದ್ದಾದ ಮೇಲೆ ಸಂಬಳಕ್ಕೆ ಮಿತಿ ಬಂತು, ಮೊದಲ ವರ್ಷ ತಂಡಕ್ಕೆ 3.9 ಕೋಟಿ ಡಾಲರ್. ಕಡಿಮೆ ಸಂಬಳದ ಹೊಸ ಹುಡುಗರಿಗೆ ಬೇಡಿಕೆ ಏರಿತು. ಬೇಗ ಮೇಲೆ ತರೋ ಆಸೆ. ಇನ್ನೊಂದು ಕಡೆ, ಬೇಗ ತಂದರೆ ಅವನು ಬೇಗ ಸ್ವತಂತ್ರನಾಗಿ ಬೇರೆ ತಂಡ ಸೇರಬಹುದು. ಹಾಗಾಗಿ 18-19ರ ಹುಡುಗನನ್ನು ಒಂಬತ್ತು ಪಂದ್ಯ ಆಡಿಸಿ ವಾಪಸ್ ಕಳಿಸೋ ಪರಿಪಾಠ ಬಂತು, ಯಾಕಂದ್ರೆ ಹತ್ತನೇ ಪಂದ್ಯಕ್ಕೆ ಒಪ್ಪಂದದ ಒಂದು ವರ್ಷ ಖರ್ಚಾಗುತ್ತೆ. ಇನ್ನು ಕೆಲವು ವರ್ಷ ಕಳೆದ ಮೇಲೆ ಅವನನ್ನು ಕೆಳಗೆ ಕಳಿಸಬೇಕಾದರೆ ವೇವರ್ಸ್ ದಾಟಿಸಬೇಕು, ಅಂದ್ರೆ ಬೇರೆ ಯಾವ ತಂಡ ಬೇಕಾದರೂ ಎತ್ತಿಕೊಂಡು ಹೋಗಬಹುದು. ತಾಳ್ಮೆಗೂ ಗಡಿಯಾರ ಕಟ್ಟಿದ್ದಾರೆ.

ಈ ಗಡಿಯಾರದಡಿ ಬದುಕೋದು ಆ ಹುಡುಗ. ಎಲ್ಲರೂ ತಂಡದ ತಾಳ್ಮೆ ಹೊಗಳ್ತಾರೆ, ಆದರೆ ಚಿಕ್ಕ ಊರುಗಳಲ್ಲಿ, ಬಸ್ಸಿನಲ್ಲಿ, ಕಡಿಮೆ ಸಂಬಳದಲ್ಲಿ ವರ್ಷ ಕಳೆಯೋನು ಅವನು. ಟಿಮ್ ಥಾಮಸ್‌ನ ನೋಡಿ. 1994ರಲ್ಲಿ 217ನೆಯವನಾಗಿ ಆಯ್ಕೆಯಾದ ಗೋಲ್‌ಕೀಪರ್. ಯಾವ ತಂಡವೂ ಅವನಿಗಾಗಿ ಕಾಯಲಿಲ್ಲ. ಫಿನ್ಲೆಂಡ್, ಸ್ವೀಡನ್, ಅಮೆರಿಕದ ಕೆಳಹಂತದ ಲೀಗ್ ಅಂತ ಸುತ್ತಿ ಬಾಸ್ಟನ್‌ನಲ್ಲಿ ಜಾಗ ಗಟ್ಟಿ ಮಾಡಿಕೊಳ್ಳೋ ಹೊತ್ತಿಗೆ 31 ತುಂಬಿತ್ತು. 2011ರಲ್ಲಿ, 37ನೇ ವಯಸ್ಸಿಗೆ, ಖಾರಾ ನಾಯಕತ್ವದ ಅದೇ ಬಾಸ್ಟನ್ ತಂಡದಲ್ಲಿ ಕಪ್ ಗೆದ್ದು ಪ್ಲೇಆಫ್‌ನ ಶ್ರೇಷ್ಠ ಆಟಗಾರನಾದ. ಆ ಫೈನಲ್‌ನಲ್ಲಿ ಎದುರು ತುದಿಯಲ್ಲಿ ವ್ಯಾಂಕೂವರ್ ಗೋಲಿಗೆ ನಿಂತಿದ್ದವನು ಲುವಾಂಗೊ. ಐಲ್ಯಾಂಡರ್ಸ್ ಕೈಬಿಟ್ಟ ಇಬ್ಬರು, ಯಾರೂ ಕಾಯದ ಒಬ್ಬ, ಮೂವರೂ ಒಂದೇ ಐಸ್ ಮೇಲೆ.

ಹಾಗಾದರೆ ಎಷ್ಟು ಕಾಲ ಕಾಯಬೇಕು? ವರ್ಷದ ಲೆಕ್ಕದಲ್ಲಿ ಇದಕ್ಕೆ ಉತ್ತರ ಇಲ್ಲ ಅಂತ ನನಗನ್ನಿಸುತ್ತೆ. ದತ್ಸ್ಯೂಕ್‌ಗೆ ಸಿಕ್ಕಿದ್ದು ಬರೀ ಸಮಯ ಅಲ್ಲ. ಅವನು ಆ ವರ್ಷಗಳಲ್ಲಿ ದಿನಾ ಆಡ್ತಿದ್ದ, ತನಗಿಂತ ದೊಡ್ಡವರ ಜೊತೆ ಆಡ್ತಿದ್ದ, ಸೋತರೆ ತಲೆ ಹೋಗ್ತಿರಲಿಲ್ಲ. ಹಾಶೆಕ್ ಶಿಕಾಗೊದಲ್ಲಿ ಎರಡು ವರ್ಷ ಕೂತಿದ್ದೂ ಕಾಯುವಿಕೆಯೇ, ಆದರೆ ಅದು ಅವನನ್ನು ಬೆಳೆಸಲಿಲ್ಲ, ಬಫಲೋದಲ್ಲಿ ಆಡಿದ್ದು ಬೆಳೆಸಿತು. ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ ನಾವು ತಾಳ್ಮೆಯಿಂದಿದ್ದೀವಿ ಅನ್ನೋದು ತಾಳ್ಮೆಯಲ್ಲ, ಮರೆವು. ಯಾವ ತಂಡ ತಾನು ಹುಡುಗನಿಗಾಗಿ ಕಾಯ್ತಿದ್ದೀನಿ ಅಂದರೂ ನಾನು ಮೊದಲು ಕೇಳೋದು ಒಂದೇ: ಇವತ್ತು ಸಂಜೆ ಅವನು ಎಲ್ಲಿ ಆಡ್ತಿದ್ದಾನೆ?

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.