ಫಿಲಡೆಲ್ಫಿಯಾದಿಂದ ಕೋಟಗಢಕ್ಕೆ ಹೋದವರು



ರಜೆಗೆಂದು ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋದಾಗ ಹಣ್ಣಿನ ಅಂಗಡಿಯಲ್ಲಿ "ಶಿಮ್ಲಾ ಆಪಲ್ ಬಂದಿದೆ ನೋಡಿ ಅಮ್ಮಾ" ಅನ್ನುವ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ಅಜ್ಜಿ ಒಂದು ಹಣ್ಣು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, "ವಾಷಿಂಗ್ಟನ್ ಆಪಲ್‌ಗಿಂತ ಇದೇ ವಾಸಿ, ನಮ್ಮ ದೇಶದ್ದು" ಎಂದು ಚೀಲಕ್ಕೆ ಹಾಕಿಸಿರುತ್ತಾರೆ. ಅಜ್ಜಿ ಹೇಳಿದ್ದು ಸರಿಯೇ. ಆದರೆ ಆ ಹಣ್ಣಿನ ತಾತ ಅಮೆರಿಕದವನು. ಅದನ್ನು ಅಲ್ಲಿಗೆ ಒಯ್ದವರೂ ಅಮೆರಿಕದವರೇ. ಅವರು ಸೇಬಿನ ವ್ಯಾಪಾರಕ್ಕೆಂದು ಹೋದವರಲ್ಲ. ಕ್ರೈಸ್ತ ಸೇವಾಸಂಸ್ಥೆಯೊಂದರ ಕುಷ್ಠರೋಗಿಗಳ ಆಶ್ರಮದಲ್ಲಿ ಸ್ವಯಂಸೇವಕರಾಗಿ ದುಡಿಯಲು ಹೋದವರು. ಹೆಸರು ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್.

ಊರು ಬಿಟ್ಟು ಊರು ಸೇರಿದವರ ಕಥೆ ಎಂದರೆ ನಮಗೆ ಗೊತ್ತಿರುವುದು ಒಂದೇ ದಿಕ್ಕಿನದು. ನಿಮ್ಮ ಅಪ್ಪ ಅಮ್ಮ ಎರಡು ಸೂಟ್‌ಕೇಸ್ ಹಿಡಿದು ಬಂದದ್ದು, ಮೊದಲ ಹಿಮ, ಮೊದಲ ಕಾರು, ಅಕ್ಕಿಮೂಟೆಗಾಗಿ ನೂರು ಮೈಲಿ ಓಡಿಸಿದ್ದು, ಇವನ್ನೆಲ್ಲ ನೀವು ಕೇಳಿ ಕೇಳಿ ಸಾಕಾಗಿದ್ದೀರಿ. ಇವತ್ತು ಎದುರು ದಿಕ್ಕಿನಲ್ಲಿ ಹೋದವರೊಬ್ಬರ ಕಥೆ ಕೇಳಿ.

ಸ್ಟೋಕ್ಸ್ ಹುಟ್ಟಿದ್ದು 1882ರ ಆಗಸ್ಟ್ 16ರಂದು, ಫಿಲಡೆಲ್ಫಿಯಾದಲ್ಲಿ. ಮನೆತನ ಕ್ವೇಕರ್ ಪಂಗಡದ್ದು. ಕ್ವೇಕರರು ಆಡಂಬರ ಬೇಡ, ಯುದ್ಧ ಬೇಡ, ಮೌನವಾಗಿ ಕೂತರೆ ಅದೇ ಪ್ರಾರ್ಥನೆ ಎನ್ನುವ ಕ್ರೈಸ್ತರು. ತಂದೆ ಲಿಫ್ಟ್ ತಯಾರಿಸುವ ಕಂಪನಿ ಕಟ್ಟಿ ಚೆನ್ನಾಗಿ ದುಡ್ಡು ಮಾಡಿದವರು. ಮಗ ಅದೇ ವ್ಯವಹಾರ ನೋಡಿಕೊಳ್ಳಲಿ ಎಂಬ ಆಸೆ ಇರದೇ ಇರುತ್ತದೆಯೇ? ಹುಡುಗನಿಗೆ ಅದರಲ್ಲಿ ಮನಸ್ಸಿರಲಿಲ್ಲ. ಶಿಮ್ಲಾ ಬೆಟ್ಟಗಳ ಸಬಾಥು ಎಂಬಲ್ಲಿ ಕುಷ್ಠರೋಗಿಗಳ ಆಶ್ರಮ ನಡೆಸುತ್ತಿದ್ದ ಡಾಕ್ಟರ್ ಕಾರ್ಲ್‌ಟನ್ ಮತ್ತು ಅವರ ಹೆಂಡತಿಯ ಪರಿಚಯವಾಯಿತು. ಅವರ ಮಾತು ಕೇಳಿ, ತಂದೆತಾಯಿಗೆ ಇಷ್ಟವಿಲ್ಲದಿದ್ದರೂ, 1904ರಲ್ಲಿ ಹಡಗು ಹತ್ತಿದರು. ಆಗ ಅವರಿಗೆ ಇನ್ನೂ 22 ತುಂಬಿರಲಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು.

ಕುಷ್ಠರೋಗಕ್ಕೆ ಆಗ ಔಷಧಿಯಿರಲಿಲ್ಲ. ರೋಗ ಬಂದವರನ್ನು ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲ. ಹುಣ್ಣು ತೊಳೆದು ಬಟ್ಟೆ ಕಟ್ಟುವುದು, ಊಟ ಕೊಡುವುದು, ಜೊತೆಗೆ ಕೂರುವುದು, ಮಾಡಲು ಆಗುತ್ತಿದ್ದದ್ದು ಹೆಚ್ಚುಕಡಿಮೆ ಇಷ್ಟೇ. ಮರುವರ್ಷ, 1905ರ ಏಪ್ರಿಲ್ 4ರಂದು, ಕಾಂಗ್ಡಾ ಕಣಿವೆಯಲ್ಲಿ ದೊಡ್ಡ ಭೂಕಂಪವಾಗಿ ಸುಮಾರು 20,000 ಜನ ಸತ್ತರು. ಸ್ಟೋಕ್ಸ್ ಅಲ್ಲಿಗೂ ಪರಿಹಾರದ ಕೆಲಸಕ್ಕೆ ಹೋದರು.

ಇಲ್ಲಿಯವರೆಗೆ ಇದು ಒಳ್ಳೆಯ ಮನಸ್ಸಿನ ಸ್ವಯಂಸೇವಕನ ಕಥೆ. ಇಂಥವರು ಅಂದೂ ಇದ್ದರು, ಇಂದೂ ಇದ್ದಾರೆ. ನೀವೂ ಕಾಲೇಜಿನ ಒಂದು ಬೇಸಿಗೆ ಬೇರೆ ದೇಶದಲ್ಲಿ ಶಾಲೆ ಕಟ್ಟಿಯೋ ಪಾಠ ಹೇಳಿಯೋ ಬಂದಿರಬಹುದು. ಅದು ಒಳ್ಳೆಯ ಕೆಲಸವೇ. ಆದರೆ ಅಂಥ ಪ್ರಯಾಣದಲ್ಲಿ ಹಿಂದಿರುಗುವ ಟಿಕೆಟ್ ಕಿಸೆಯಲ್ಲಿ ಇದ್ದೇ ಇರುತ್ತದೆ, ಅಲ್ಲವೇ? ಸ್ಟೋಕ್ಸ್ ಅವರನ್ನು ಮುಂದೆ ಕಾಡಿದ ಪ್ರಶ್ನೆ ಇದೇ ಎಂದು ನನಗೆ ಅನ್ನಿಸುತ್ತದೆ.

ಬಂದ ಸ್ವಲ್ಪ ದಿನಕ್ಕೇ ಅವರಿಗೆ ಒಂದು ವಿಷಯ ಕಾಣಿಸಿತು. ಮಿಷನ್ ಬಂಗಲೆಯಲ್ಲಿ ಇದ್ದುಕೊಂಡು, ಯೂರೋಪಿನವರ ಉಡುಪು ಹಾಕಿಕೊಂಡು ಎಷ್ಟು ಸೇವೆ ಮಾಡಿದರೂ ಊರಿನವರ ಕಣ್ಣಿಗೆ ತಾವು 'ಸಾಹೇಬ'ರೇ. ಪರಿಹಾರವೆಂದು ಅವರು ಹಿಡಿದ ದಾರಿ ಇನ್ನೊಂದು ತುದಿಯದು. ಅಸಿಸಿಯ ಸಂತ ಫ್ರಾನ್ಸಿಸ್‌ರ ಮಾದರಿಯಲ್ಲಿ ಇದ್ದಬದ್ದದ್ದನ್ನೆಲ್ಲ ಬಿಟ್ಟು ಸಾಧುವಿನ ನಿಲುವಂಗಿ ತೊಟ್ಟರು. ಬರಿಗಾಲಲ್ಲಿ ಬೆಟ್ಟ ಹತ್ತಿಳಿದರು, ಜನ ಕೊಟ್ಟದ್ದನ್ನು ಉಂಡರು. ಮುಂದೆ ಬಹಳ ಹೆಸರಾದ ಸಾಧು ಸುಂದರ್ ಸಿಂಗ್ ಆಗ ಹದಿಹರೆಯದ ಹುಡುಗ. ಕೆಲವು ಕಾಲ ಇಬ್ಬರೂ ಜೊತೆಯಾಗಿ ಓಡಾಡಿದರು. 1910ರ ಹೊತ್ತಿಗೆ ಸ್ಟೋಕ್ಸ್ ಕೆಲವು ಗೆಳೆಯರೊಡನೆ ಇದನ್ನೇ ಒಂದು ಸೋದರಸಂಘವಾಗಿ ಕಟ್ಟಿದರು. ಯೇಸುವಿನಂತೆ ಬದುಕುವುದು ಅದರ ಉದ್ದೇಶ.

ಇಷ್ಟಕ್ಕೇ ನಿಂತಿದ್ದರೆ ಅವರು ಸಂತರಾಗಿ ಹೆಸರು ಮಾಡುತ್ತಿದ್ದರೋ ಏನೋ. ನಿಲ್ಲಲಿಲ್ಲ. ಸಂಘದಿಂದ ಹೊರಬಂದರು. ನಿಲುವಂಗಿ ತೆಗೆದಿಟ್ಟರು. 1912ರಲ್ಲಿ ಕೋಟಗಢದ ಕ್ರೈಸ್ತ ಕುಟುಂಬವೊಂದರ ಮಗಳು ಆಗ್ನೆಸ್ ಅವರನ್ನು ಮದುವೆಯಾದರು. ಕೋಟಗಢ ಎಂದರೆ ಶಿಮ್ಲಾದಿಂದ ಸುಮಾರು 80 ಕಿಲೋಮೀಟರ್ ದೂರದ ಬೆಟ್ಟದ ಸೀಮೆ. ಕೆಳಗೆ ಸಟ್ಲೆಜ್ ನದಿ. ಅಲ್ಲೇ ಬಾರೂಬಾಗ್ ಎಂಬಲ್ಲಿ ಜಮೀನು ಕೊಂಡು, ಮನೆ ಕಟ್ಟಿ, ರೈತರಾದರು. ಏಳು ಮಕ್ಕಳಾದರು.

ಇದು ಮೆಟ್ಟಿಲು ಇಳಿದಂತೆ ಎಂದು ಆಗ ಕೆಲವರಿಗೆ ಅನ್ನಿಸಿರಬೇಕು. ಸನ್ಯಾಸಿ ಸಂಸಾರಿಯಾದರೆ ನಮ್ಮ ಊರುಗಳಲ್ಲೂ ಏನನ್ನುತ್ತಾರೆ ಗೊತ್ತಲ್ಲ! ನನಗೆ ಮಾತ್ರ ಇದೇ ಅವರು ಏರಿದ ದೊಡ್ಡ ಮೆಟ್ಟಿಲು ಅನ್ನಿಸುತ್ತದೆ. ಸಾಧುವಿಗೆ ಕಂದಾಯ ಕಟ್ಟುವ ಚಿಂತೆಯಿಲ್ಲ, ಮಳೆ ಬರಲಿಲ್ಲವೆಂಬ ಚಿಂತೆಯಿಲ್ಲ, ಮಗಳ ಮದುವೆಯ ಚಿಂತೆಯಿಲ್ಲ. ಊರಿನವರಿಗೆ ಇರುವ ಚಿಂತೆಗಳೆಲ್ಲ ಇವೇ. ಜಮೀನು, ಮಕ್ಕಳು ಎಂದಾದ ಮೇಲೆ ಊರಿನ ಕಷ್ಟ ಸ್ಟೋಕ್ಸ್ ಮನೆಯ ಕಷ್ಟವೂ ಆಯಿತು.

ಆ ಕಷ್ಟಗಳಲ್ಲಿ ದೊಡ್ಡದು ಬೇಗಾರ್. ಕನ್ನಡದಲ್ಲಿ ಇದಕ್ಕೆ ಬಿಟ್ಟಿ ಚಾಕರಿ ಎನ್ನುತ್ತೇವೆ. 'ಬಿಟ್ಟಿ ಊಟ' ಎಂದು ತಮಾಷೆಗೆ ಹೇಳುತ್ತೀರಲ್ಲ, ಆ ಬಿಟ್ಟಿಯ ಹಳೆಯ ಅರ್ಥವೇ ಇದು: ಆಳುವವರಿಗೆ ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ. ಕೋಟಗಢದ ಮೂಲಕ ಹಿಂದೂಸ್ತಾನ–ಟಿಬೆಟ್ ರಸ್ತೆ ಹಾದುಹೋಗುತ್ತಿತ್ತು. ಅಧಿಕಾರಿಗಳು ಪ್ರವಾಸಕ್ಕೋ ಬೇಟೆಗೋ ಹೊರಟರೆ ಡೇರೆ, ಪೆಟ್ಟಿಗೆ, ಅಡಿಗೆಯ ಸಾಮಾನು ಎಲ್ಲ ಹೊರಬೇಕಾದವರು ದಾರಿಯ ಹಳ್ಳಿಗರು. ಕೂಲಿ ಸಿಕ್ಕರೆ ಚಿಲ್ಲರೆ ಕಾಸು, ಎಷ್ಟೋ ಸಲ ಅದೂ ಇಲ್ಲ. ಬಿತ್ತನೆ ಇರಲಿ, ಕೊಯ್ಲು ಇರಲಿ, ಕರೆ ಬಂದರೆ ಹೋಗಲೇಬೇಕು. ಬೆಟ್ಟದಲ್ಲಿ ಬೇಸಾಯದ ದಿನಗಳೇ ಕಡಿಮೆ. ಕೊಯ್ಲಿನ ವಾರ ಕಳೆದುಕೊಂಡವನಿಗೆ ಚಳಿಗಾಲದ ಕಾಳೇ ಹೋಯಿತು.

ಸ್ಟೋಕ್ಸ್ ಅವರನ್ನು ಯಾರೂ ಹೊರೆ ಹೊರು ಎನ್ನುತ್ತಿರಲಿಲ್ಲ, ಅದಕ್ಕೆ ಅವರ ಚರ್ಮದ ಬಣ್ಣ ಸಾಕಿತ್ತು. ಹಾಗಿದ್ದೂ ಅವರು ಹಳ್ಳಿಗರನ್ನು ಒಟ್ಟುಗೂಡಿಸಿದರು, ಪತ್ರಿಕೆಗಳಿಗೆ ಬರೆದರು, ಅಧಿಕಾರಿಗಳ ಜೊತೆ ಪತ್ರ ಮೇಲೆ ಪತ್ರ ಬರೆದು ಜಗಳವಾಡಿದರು. ಹೊರೆ ಹೊರುವುದಿಲ್ಲ ಎಂದು ಹಳ್ಳಿಗಳು ಗಟ್ಟಿಯಾಗಿ ನಿಂತವು. 1921ರಲ್ಲಿ ಕೋಟಗಢದ ಮಟ್ಟಿಗೆ ಸರ್ಕಾರ ಬಗ್ಗಿತು. ಆ ಹೋರಾಟವನ್ನು ಗಾಂಧೀಜಿ ತಮ್ಮ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಮನಸಾರೆ ಮೆಚ್ಚಿ ಬರೆದರು. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಬೇಗಾರ್ ನಿಲ್ಲಿಸಿದ್ದು ಸ್ಟೋಕ್ಸ್ ಎಂದು ಪುಸ್ತಕಗಳು ಬರೆಯುತ್ತವೆ; ಹೊರೆ ಎತ್ತುವುದಿಲ್ಲ ಎಂದು ಅಧಿಕಾರಿಯ ಎದುರು ನಿಂತು ಹೇಳಿದ ಬೆಟ್ಟದ ರೈತನಿಗೆ ಇದ್ದ ಅಪಾಯ ಸ್ಟೋಕ್ಸ್‌ಗೆ ಇದ್ದದ್ದಕ್ಕಿಂತ ಬಹಳ ದೊಡ್ಡದು. ಆ ರೈತರ ಹೆಸರುಗಳು ನಮ್ಮವರೆಗೆ ಬಂದಿಲ್ಲ.

ಬೇಗಾರಿನಿಂದ ಸ್ವಾತಂತ್ರ್ಯ ಚಳವಳಿಗೆ ಒಂದೇ ಹೆಜ್ಜೆ. ಸ್ಟೋಕ್ಸ್ ಖಾದಿ ಉಟ್ಟರು, ಕಾಂಗ್ರೆಸ್ ಸೇರಿದರು. 1921ರ ಅಕ್ಟೋಬರಿನಲ್ಲಿ, ಭಾರತೀಯರು ಸರ್ಕಾರಿ ನೌಕರಿಯನ್ನೂ ಸೈನ್ಯವನ್ನೂ ಬಿಡಬೇಕೆಂದು ಗಾಂಧೀಜಿ ಮತ್ತಿತರ ಮುಖಂಡರು ಹೊರಡಿಸಿದ ಪ್ರಕಟಣೆಗೆ ಸಹಿ ಹಾಕಿದವರಲ್ಲಿ ಅವರೊಬ್ಬರೇ ಅಮೆರಿಕದವರು. ಡಿಸೆಂಬರಿನಲ್ಲಿ ಲಾಹೋರಿನ ಸಭೆಗೆ ಹೊರಟಿದ್ದಾಗ ಅವರನ್ನು ಹಿಡಿದರು. ರಾಜದ್ರೋಹದ ಆರೋಪ, ಆರು ತಿಂಗಳ ಸೆರೆ. ಜೈಲಿನಲ್ಲಿ ಬಿಳಿಯರಿಗೆಂದು ಇದ್ದ ಅನುಕೂಲಗಳು ತಮಗೆ ಬೇಡ, ಉಳಿದ ಕೈದಿಗಳಂತೆಯೇ ಇರುತ್ತೇನೆ ಎಂದರು. ಗಾಂಧೀಜಿ ಆಗ ಬರೆದದ್ದರ ಸಾರಾಂಶ ಹೀಗಿದೆ: ಹೊರಗಿನವನೊಬ್ಬ ನಮ್ಮ ಮೇಲೆ ಕನಿಕರ ತೋರಿಸಿದರೆ ಸರ್ಕಾರ ಸಹಿಸೀತು, ನಮ್ಮಲ್ಲೊಬ್ಬನಂತೆ ನೊಂದುಕೊಂಡು ಹೋರಾಟಕ್ಕೆ ಇಳಿದರೆ ಸಹಿಸದು. ಸ್ಟೋಕ್ಸ್ ಬದುಕಿನ ಬಗ್ಗೆ ನಾನು ಓದಿರುವುದರಲ್ಲಿ ಇದಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲ.

ಇನ್ನು ಸೇಬು. ಅವರಿಗಿಂತ ಮೊದಲೇ ಕುಲ್ಲು ಕಣಿವೆಯಲ್ಲಿ ಇಂಗ್ಲಿಷರು ಸೇಬು ಬೆಳೆದಿದ್ದರು, ಆದರೆ ಅವು ಹುಳಿ. ಭಾರತದ ನಾಲಿಗೆಗೆ ಹಿಡಿಸುವಂಥದ್ದಲ್ಲ. ಅಮೆರಿಕದ ಮಿಸೂರಿಯಲ್ಲಿ ಸ್ಟಾರ್ಕ್ ಬ್ರದರ್ಸ್ ಎಂಬ ಸಸ್ಯಕ್ಷೇತ್ರದವರು ರೆಡ್ ಡೆಲಿಷಸ್ ಎಂಬ ಕೆಂಪು, ಸಿಹಿ ತಳಿ ಮಾರುತ್ತಿದ್ದರು. ಸುಮಾರು 1916ರಲ್ಲಿ ಸ್ಟೋಕ್ಸ್ ಅದರ ಸಸಿಗಳನ್ನು ತರಿಸಿ ಬಾರೂಬಾಗ್‌ನಲ್ಲಿ ನೆಟ್ಟರು. 1921ರಲ್ಲಿ ಅವರ ತಾಯಿ ಕ್ರಿಸ್‌ಮಸ್ ಉಡುಗೊರೆಯಾಗಿ ಗೋಲ್ಡನ್ ಡೆಲಿಷಸ್ ಸಸಿಗಳನ್ನು ಕಳಿಸಿಕೊಟ್ಟರು. ಮಗ ಜೈಲು ಸೇರಿದ್ದೂ ಅದೇ ತಿಂಗಳು! ಊರಿನಿಂದ ಚಟ್ನಿಪುಡಿ, ಹಪ್ಪಳ ಕಳಿಸುವ ನಿಮ್ಮ ಅಜ್ಜಿಯನ್ನು ನೆನೆದುಕೊಳ್ಳಿ. ಸಮುದ್ರದಾಚೆ ನೆಲೆ ನಿಂತ ಮಗನಿಗೆ ತಾಯಂದಿರು ಏನಾದರೂ ಕಳಿಸುತ್ತಲೇ ಇರುತ್ತಾರೆ.

ಸೇಬಿನ ಮರ ಫಲ ಕೊಡಲು ವರ್ಷಗಳು ಬೇಕು. ಚೂರುಪಾರು ಹೊಲವಿರುವ ರೈತ ಕಾಳು ಬಿತ್ತುವುದನ್ನು ಬಿಟ್ಟು ಮರ ನೆಡಲು ಹಿಂಜರಿಯುವುದು ಸಹಜ. ಸ್ಟೋಕ್ಸ್ ಸಸಿ ಹಂಚಿದರು, ಸವರುವುದು ಹೇಗೆ, ಆರೈಕೆ ಹೇಗೆ ಎಂದು ಹೇಳಿಕೊಟ್ಟರು. ತಮ್ಮ ತೋಟದಲ್ಲಿ ಹಣ್ಣು ಬಂದು ಮಾರಾಟವಾದದ್ದನ್ನು ಜನ ಕಣ್ಣಾರೆ ಕಂಡ ಮೇಲೆ ಹೇಳಿಕೊಡುವ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಇಂದು ಶಿಮ್ಲಾ ಜಿಲ್ಲೆಯ ಮೇಲಿನ ಭಾಗದ ಬದುಕು ನಿಂತಿರುವುದೇ ಸೇಬಿನ ಮೇಲೆ. ಒಂದೇ ಬೆಳೆಯನ್ನು ನೆಚ್ಚಿಕೊಂಡ ತೊಂದರೆಗಳೂ ಅದರ ಜೊತೆಗೇ ಇವೆ. ಆಲಿಕಲ್ಲು ಬಿದ್ದ ವರ್ಷ ಇಡೀ ಸೀಮೆ ತತ್ತರಿಸುತ್ತದೆ.

ನಿಮಗೆ ಈ ಕಥೆ ಹೇಳಬೇಕೆನ್ನಿಸಿದ್ದಕ್ಕೆ ನಿಜವಾದ ಕಾರಣ ಸ್ಟೋಕ್ಸ್ ಅಲ್ಲ, ಅವರ ಮಕ್ಕಳು. ಅವರೂ ನಿಮ್ಮಂತೆ ಎರಡನೆಯ ತಲೆಮಾರು. ತಂದೆ ಫಿಲಡೆಲ್ಫಿಯಾದವರು, ತಾಯಿ ಬೆಟ್ಟದವರು, ಮತ ಸುತ್ತಲಿನ ಹಳ್ಳಿಗಳಲ್ಲಿ ಬೆರಳೆಣಿಕೆಯ ಜನರದ್ದು. ನಾವು ಯಾವ ಕಡೆಯವರು ಎಂಬ ಪ್ರಶ್ನೆ ನಿಮಗೆ ಶಾಲೆಯ ಊಟದ ಡಬ್ಬಿ ತೆರೆದಾಗ ಬಂದಿರಬಹುದು. ಅವರಿಗೆ ಅದು ಯಾರನ್ನು ಮದುವೆಯಾಗುವುದು, ಹಬ್ಬಕ್ಕೆ ಯಾರ ಮನೆಗೆ ಹೋಗುವುದು ಎಂಬಲ್ಲೆಲ್ಲ ಎದುರಾಗುತ್ತಿತ್ತು. ತಾರಾ ಎಂಬ ಮಗ ಚಿಕ್ಕ ವಯಸ್ಸಿನಲ್ಲೇ ಆಮಶಂಕೆಯಿಂದ ತೀರಿಕೊಂಡ. ಅವನ ನೆನಪಿಗೆ ಸ್ಟೋಕ್ಸ್ ಊರಿನ ಮಕ್ಕಳಿಗೆ ಶಾಲೆ ತೆರೆದರು.

1932ರಲ್ಲಿ ಸ್ಟೋಕ್ಸ್ ಕುಟುಂಬ ಸಮೇತ ಹಿಂದೂ ಧರ್ಮ ಸ್ವೀಕರಿಸಿದರು. ತಾವು ಸತ್ಯಾನಂದರಾದರು, ಆಗ್ನೆಸ್ ಪ್ರಿಯಾದೇವಿಯಾದರು. ಗೀತೆ, ಉಪನಿಷತ್ತುಗಳನ್ನು ಅವರು ವರ್ಷಗಟ್ಟಲೆ ಓದಿದ್ದರು. ಅದು ಒಂದು ಕಾರಣ. ಮಕ್ಕಳು ಬೆಟ್ಟದ ಸಮಾಜದ ಅಂಚಿನಲ್ಲಿ ಉಳಿಯಬಾರದು ಎಂಬ ತಂದೆಯ ಚಿಂತೆ ಇನ್ನೊಂದು. ಆದರೂ ಯೇಸುವಿನ ಮೇಲಿನ ಪ್ರೀತಿಯನ್ನು ಅವರು ಬಿಟ್ಟುಕೊಡಲಿಲ್ಲ. ಇದನ್ನು ಗೆಲುವು ಸೋಲಿನ ಲೆಕ್ಕದಲ್ಲಿ ನೋಡುವವರು ಎರಡೂ ಕಡೆ ಇದ್ದಾರೆ. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಮನೆಯ ನೆಮ್ಮದಿಗೆ ಧರ್ಮವನ್ನೇ ಬದಲಿಸಬೇಕಾಗುವಂಥ ಸಮಾಜ ಸರಿಯೇ ಎಂದು ನೀವು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ವಲಸೆ ಬಂದ ತಂದೆತಾಯಿ ಮಕ್ಕಳ ಸಲುವಾಗಿ ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು ಎಂಬುದು ಯಾವ ಮನೆಯಲ್ಲೂ ಸುಲಭದ ಲೆಕ್ಕವಲ್ಲ. ಬೇಕಾದರೆ ಇವತ್ತು ರಾತ್ರಿ ಊಟದ ಹೊತ್ತಿನಲ್ಲಿ ನಿಮ್ಮ ಮನೆಯಲ್ಲೇ ಕೇಳಿ ನೋಡಿ.

1937ರಲ್ಲಿ ಅವರು ಮನೆಯ ಹತ್ತಿರ ಪರಮಜ್ಯೋತಿ ಮಂದಿರ ಕಟ್ಟಿಸಿ, ಮರದ ಹಲಗೆಗಳ ಮೇಲೆ ಗೀತೆ, ಉಪನಿಷತ್ತುಗಳ ಶ್ಲೋಕಗಳನ್ನು ಕೆತ್ತಿಸಿದರು. 1946ರ ಮೇ 14ರಂದು ತೀರಿಕೊಂಡರು. ಭಾರತಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಹದಿನೈದು ತಿಂಗಳಿತ್ತು. ಕಿರಿಯ ಮಗ ಲಾಲ್‌ಚಂದ್ ಕೋಟಗಢದಲ್ಲೇ ಉಳಿದರು. ಅವರ ಹೆಂಡತಿ ವಿದ್ಯಾ ಸ್ಟೋಕ್ಸ್ ಅದೇ ಬೆಟ್ಟದ ಜನರ ಮತ ಪಡೆದು ಹಲವು ಸಲ ಹಿಮಾಚಲದ ವಿಧಾನಸಭೆಗೆ ಆರಿಸಿ ಬಂದರು, ಮಂತ್ರಿಯೂ ಆದರು. ಮತಪತ್ರದಲ್ಲಿ ಅಚ್ಚಾಗಿದ್ದ ಹೆಸರಿನ ಕೊನೆಯಲ್ಲಿ ಆ ಫಿಲಡೆಲ್ಫಿಯಾದ ಮನೆಹೆಸರು ಹಾಗೇ ಇತ್ತು.