ಬೌರಿಂಗ್‌ಪೇಟೆಯ ಬೌರಿಂಗ್ ಯಾರು?

ಕಾಮಸಮುದ್ರದಿಂದ ಬೆಂಗಳೂರಿಗೆ ರೈಲು ಹತ್ತುವವರು ಮೊಬೈಲಿನಲ್ಲಿ ಒಂದು ವಿಷಯ ಗಮನಿಸಿರಬಹುದು. ಬಂಗಾರಪೇಟೆ ಸ್ಟೇಷನ್ನಿನ ಕೋಡು ಬಿ.ಡಬ್ಲ್ಯು.ಟಿ. ಬಂಗಾರಪೇಟೆಯಲ್ಲಿ ಡಬ್ಲ್ಯು ಎಲ್ಲಿಂದ ಬಂತು? ಊರಿನ ಹಳೇ ಹೆಸರು ಬೌರಿಂಗ್‌ಪೇಟೆ. ಬೋರ್ಡು ಬದಲಾಯಿತು, ಕೋಡು ಉಳಿಯಿತು.

ಲೆವಿನ್ ಬೆಂಥಮ್ ಬೌರಿಂಗ್ 1862ರಿಂದ 1870ರವರೆಗೆ ಮೈಸೂರು ಸಂಸ್ಥಾನದ ಕಮಿಷನರ್. ಅವರ ತಂದೆ ಸರ್ ಜಾನ್ ಬೌರಿಂಗ್ 1854ರಿಂದ 1859ರವರೆಗೆ ಹಾಂಗ್‌ಕಾಂಗಿನ ಗವರ್ನರ್. ಅಲ್ಲಿ ತಂದೆಯ ಹೆಸರಿನ ರಸ್ತೆ ಈಗಲೂ ಇದೆ. ಅಪ್ಪನಿಗೊಂದು ರಸ್ತೆ, ಮಗನಿಗೊಂದು ಪೇಟೆ!

ಹಾಂಗ್‌ಕಾಂಗ್ ನೇರವಾಗಿ ಬ್ರಿಟನ್ ರಾಣಿಯ ವಸಾಹತು. ಗವರ್ನರ್ ಲಂಡನ್ನಿನಿಂದ ನೇಮಕವಾಗಿ ಬರುತ್ತಿದ್ದರು, ಕಾನೂನು ಮಾಡಲು ನಾಮಕರಣದ ಸಭೆಯೊಂದಿತ್ತು. ಆ ಸಭೆಗೆ ಕೆಲವರನ್ನಾದರೂ ಚುನಾವಣೆಯಿಂದ ತರೋಣ ಎಂದು 1855ರಲ್ಲಿ ಜಾನ್ ಬೌರಿಂಗ್ ಕೇಳಿದರು. ಲಂಡನ್ ಒಪ್ಪಲಿಲ್ಲ. ಮರುವರ್ಷ ಅದೇ ಗವರ್ನರ್, ಆರೋ ಎಂಬ ಹಡಗಿನ ಬಾವುಟಕ್ಕೆ ಅವಮಾನವಾಯಿತೆಂಬ ಜಗಳದಲ್ಲಿ ಚೀನಾದ ಕ್ಯಾಂಟನ್ ನಗರದ ಮೇಲೆ ಗುಂಡಿನ ದಾಳಿಗೆ ನಿಂತರು. ಲಂಡನ್ನಿನ ಒಪ್ಪಿಗೆಗೂ ಕಾಯಲಿಲ್ಲ. ಯುದ್ಧವೇ ಶುರುವಾಯಿತು.

ನಮ್ಮ ಮೈಸೂರು ಅಂಥ ವಸಾಹತು ಅಲ್ಲ. ಇಲ್ಲಿ ರಾಜರಿದ್ದರು. ಆದರೆ ನಗರದ ರೈತ ದಂಗೆಯ ಬಳಿಕ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ರಾಜರು ಮೈಸೂರಿನ ಅರಮನೆಯಲ್ಲಿ, ಅಧಿಕಾರ ಬೆಂಗಳೂರಿನಲ್ಲಿ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್, ಆಮೇಲೆ ಬೌರಿಂಗ್. ಕಂದಾಯ, ಕೋರ್ಟು, ಪೊಲೀಸು ಎಲ್ಲ ಕಮಿಷನರ್ ಕೈಲಿ. ಅವರು ಉತ್ತರ ಕೊಡಬೇಕಾದದ್ದು ಕಲ್ಕತ್ತೆಗೆ, ನಮ್ಮೂರಿನವರಿಗಲ್ಲ. ಹಾಂಗ್‌ಕಾಂಗಿನಲ್ಲಿದ್ದಂಥ ನಾಮಕರಣದ ಸಭೆಯೂ ಇಲ್ಲಿರಲಿಲ್ಲ.

ಹಾಗಂತ ಕೆಲಸ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಬ್ಬನ್ ನೂರಾರು ಚಿಲ್ಲರೆ ತೆರಿಗೆ ತೆಗೆದರು. ಬೌರಿಂಗ್ ಸಂಸ್ಥಾನವನ್ನು ಎಂಟು ಜಿಲ್ಲೆ ಮಾಡಿದರು, ಅದರಲ್ಲಿ ಕೋಲಾರವೂ ಒಂದು. ನಾವು ಅರ್ಜಿ ಹಿಡಿದು ಹೋಗುವ ಡೀಸಿ ಆಫೀಸಿನ 'ಡೆಪ್ಯುಟಿ ಕಮಿಷನರ್' ಎಂಬ ಹುದ್ದೆ ಆ ಕಾಲದ್ದು. 1863ರಲ್ಲಿ ಹೊಲಗಳ ಅಳತೆ ಶುರುವಾಯಿತು. ಪಹಣಿಯ ಸರ್ವೆ ನಂಬರಿನ ಬೇರು ಅಲ್ಲಿದೆ. 1864ರಲ್ಲಿ ಜೋಲಾರಪೇಟೆಯಿಂದ ನಮ್ಮ ಸೀಮೆ ದಾಟಿ ಬೆಂಗಳೂರು ದಂಡಿಗೆ ರೈಲು ಬಂತು. ಹೋಬಳಿ ಶಾಲೆಗಳ ಯೋಜನೆಯೂ ಬೌರಿಂಗ್ ಕಾಲದ್ದೇ.

ನಮಗೆ ಕಾಡುವುದು ಬೇರೆ. ಅಳತೆ ತಪ್ಪಿದರೆ, ಕಂದಾಯ ಹೆಚ್ಚಾದರೆ, ಕಾಮಸಮುದ್ರದ ರೈತ ದೂರು ಹೇಳಬೇಕಾದದ್ದು ಅದೇ ಸರ್ಕಾರದ ಅಮಲ್ದಾರರಿಗೆ, ಮೇಲೆ ಹೋದರೆ ಅದೇ ಕಮಿಷನರಿಗೆ. ರೈತನ ಮಾತು ಬಿಡಿ, ಸ್ವತಃ ರಾಜರೇ ರಾಜ್ಯ ವಾಪಸ್ ಕೊಡಿ ಎಂದು ಅರ್ಜಿ ಮೇಲೆ ಅರ್ಜಿ ಬರೆದರು. 1868ರಲ್ಲಿ ತೀರಿಕೊಳ್ಳುವವರೆಗೂ ಅಧಿಕಾರ ಮರಳಲಿಲ್ಲ.

1881ರಲ್ಲಿ ರಾಜ್ಯ ಅವರ ದತ್ತುಪುತ್ರ ಚಾಮರಾಜ ಒಡೆಯರಿಗೆ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಕರೆದರು. ಬಂದವರು ಜಮೀನ್ದಾರರು, ವರ್ತಕರು. ಓಟು ಹಾಕಿ ಯಾರೂ ಆರಿಸಿರಲಿಲ್ಲ, ಕಾನೂನು ಮಾಡುವ ಅಧಿಕಾರವೂ ಇಲ್ಲ. ಊರಿನ ಕಷ್ಟವನ್ನು ದಿವಾನರ ಎದುರು ನಿಂತು ಹೇಳಬಹುದಿತ್ತು, ಅಷ್ಟೇ. ಹಿಂದಿನ 50 ವರ್ಷ ಅದೂ ಇರಲಿಲ್ಲ.