ಸಲಹೆಗಾರರ ನೇಮಕ: 180ನೇ ನಿಯಮ ಕೇಳದ ಪ್ರಶ್ನೆ

ಸರ್ಕಾರಗಳು ಸಲಹಾ ಸಂಸ್ಥೆಗಳನ್ನು ನೆಚ್ಚಿಕೊಂಡಷ್ಟೂ ಅವುಗಳ ಸ್ವಂತ ಸಾಮರ್ಥ್ಯ ಕುಗ್ಗುತ್ತದೆ ಎಂಬುದು ‘ದಿ ಬಿಗ್ ಕಾನ್’ (2023) ಕೃತಿಯಲ್ಲಿ ಮರಿಯಾನಾ ಮಝುಕಾಟೊ ಮತ್ತು ರೋಸಿ ಕಾಲಿಂಗ್ಟನ್ ಮಂಡಿಸಿದ ವಾದ. 2021ರಲ್ಲಿ ಸರ್ಕಾರ ಸಲಹೆಗೆಂದು 100 ಕೋಟಿ ಯೂರೊಗೂ ಹೆಚ್ಚು ವೆಚ್ಚ ಮಾಡಿದ್ದನ್ನು ಎತ್ತಿ ತೋರಿಸಿದ ಫ್ರಾನ್ಸಿನ ಸೆನೆಟ್ ಸಮಿತಿಯದೂ (2022) ಇದೇ ಆತಂಕ. ಇಷ್ಟರ ಬಗ್ಗೆ ತಕರಾರಿಲ್ಲ. ಆದರೆ ಲೇಖಕಿಯರ ವಿವರಣೆಯಲ್ಲಿ ಸಲಹಾ ಉದ್ಯಮದ ವ್ಯವಹಾರ ಕ್ರಮಕ್ಕೆ, ನವಉದಾರವಾದಿ ಆಡಳಿತ ಸುಧಾರಣೆಗಳಿಗೆ ದೊಡ್ಡ ಪಾತ್ರವಿದೆ. ಭಾರತದ ಮಟ್ಟಿಗೆ ಅದು ಸಾಲದು. ಇಲ್ಲಿ ನೇಮಕದ ನಿಯಮವೇ ಒಂದು ಕಾರಣವೆಂದು ನನಗನ್ನಿಸುತ್ತದೆ.

ಕೇಂದ್ರದ ಸಾಮಾನ್ಯ ಹಣಕಾಸು ನಿಯಮಾವಳಿ (2017) ಸಲಹೆಗಾರರ ಆಯ್ಕೆಯ ವಿಷಯದಲ್ಲಿ ಬಲು ಬಿಗಿ. ಗುಣಮಟ್ಟ ಮತ್ತು ವೆಚ್ಚ ಎರಡನ್ನೂ ತೂಗುವಾಗ ಗುಣಮಟ್ಟದ ಪಾಲು ಶೇ 80ನ್ನು ಮೀರುವಂತಿಲ್ಲ. ಸ್ಪರ್ಧೆಯಿಲ್ಲದೆ ಒಬ್ಬರನ್ನೇ ಆರಿಸಿದರೆ 194ನೇ ನಿಯಮದಂತೆ ಪೂರ್ಣ ಸಮರ್ಥನೆಯನ್ನು ಕಡತದಲ್ಲಿ ದಾಖಲಿಸಬೇಕು. ಇನ್ನು 180ನೇ ನಿಯಮ ನೋಡಿ: ಇಲಾಖೆಯಲ್ಲಿ ಅಗತ್ಯ ಪರಿಣತಿ ಇಲ್ಲದಿದ್ದಾಗ, ಉನ್ನತ ಗುಣಮಟ್ಟದ ಸೇವೆ ಬೇಕಾದಾಗ ಸಲಹೆಗಾರರನ್ನು ನೇಮಿಸಬಹುದು, ಅದಕ್ಕೆ ಮೊದಲು ಸಕ್ಷಮ ಪ್ರಾಧಿಕಾರದ ಅನುಮೋದನೆ ಇರಬೇಕು. ಅಷ್ಟೇ. ಪರಿಣತಿ ಇಲ್ಲವೆಂದು ಹೇಗೆ ಗೊತ್ತಾಯಿತು, ಯಾಕಿಲ್ಲ, ಎಂದಿಗೆ ಬಂದೀತು ಎಂಬುದನ್ನು ಬರೆದಿಡಿ ಎಂದು ಆ ನಿಯಮ ಕೇಳುವುದಿಲ್ಲ. ಇವರೇ ಯಾಕೆ ಎಂಬುದಕ್ಕೆ ಲಿಖಿತ ಉತ್ತರ ಬೇಕು. ಹೊರಗಿನವರೇ ಯಾಕೆ ಎಂಬುದಕ್ಕೆ ಸಹಿ ಸಾಕು.

ಇದರ ಪರಿಣಾಮ ಎರಡನೆಯ ನೇಮಕದಲ್ಲಿ ಕಾಣುತ್ತದೆ. ಮೊದಲ ಸಲ ಕೆಲಸ ಹೊರಗಿನವರ ಕೈಯಲ್ಲಿ ಮುಗಿದರೆ, ಅದನ್ನು ಮಾಡಿ ಕಲಿಯುವ ಅವಕಾಶ ಇಲಾಖೆಯ ನೌಕರರಿಗೆ ತಪ್ಪುತ್ತದೆ. ಮುಂದಿನ ಸಲ ‘ಪರಿಣತಿ ಇಲ್ಲ’ ಎಂಬ ಟಿಪ್ಪಣಿ ಇನ್ನಷ್ಟು ನಿಜವಾಗಿರುತ್ತದೆ. ಹಿಂದಿನ ನೇಮಕವೇ ಹೊಸ ನೇಮಕಕ್ಕೆ ಅರ್ಹತೆ ಒದಗಿಸುತ್ತದೆ. ಕಾರ್ಯವ್ಯಾಪ್ತಿ ಪತ್ರದಲ್ಲಿ ಇರಬೇಕೆಂದು ನಿಯಮಾವಳಿ ಎಣಿಸುವ ಅಂಶಗಳು ಉದ್ದೇಶ, ಕೆಲಸಗಳ ರೂಪರೇಖೆ, ವೇಳಾಪಟ್ಟಿ, ಇಲಾಖೆ ಕೊಡುವ ನೆರವು, ಅಂತಿಮ ಫಲಿತ. ಕಲಿಸಿಹೋಗುವ ಹೊಣೆ ಅವುಗಳಲ್ಲಿಲ್ಲ.

ಈ ವಾದವನ್ನು ಅತಿಗೆ ಒಯ್ಯಬಾರದು. ಬಯಸಿದ ಇಲಾಖೆ ತರಬೇತಿಯ ಷರತ್ತನ್ನು ತಾನಾಗಿ ಸೇರಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ನೇಮಕದ ಉದ್ದಕ್ಕೂ ಇಲಾಖೆ ತೊಡಗಿಕೊಂಡಿರಬೇಕೆಂದು 195ನೇ ನಿಯಮ ಹೇಳುತ್ತದೆ. ಅದನ್ನು ಮನಸ್ಸಿಟ್ಟು ಪಾಲಿಸಿದರೆ ಕಲಿಕೆ ಸಾಧ್ಯ. ಒಮ್ಮೆ ಮಾತ್ರ ಬೇಕಾಗುವ ಪರಿಣತಿಯೂ ಇರುತ್ತದೆ. ಒಂದು ಸೇತುವೆಯ ವಿನ್ಯಾಸಕ್ಕಾಗಿ ತಜ್ಞರ ಕಾಯಂ ಹುದ್ದೆ ಸೃಷ್ಟಿಸಬೇಕಿಲ್ಲ. ಹುದ್ದೆಗಳು ಖಾಲಿ ಉಳಿಯುವುದು ಬೇರೆಯದೇ ಕಾರಣ. ನಿಯಮದ ಪಠ್ಯ ಅವಲಂಬನೆಯನ್ನು ಹುಟ್ಟಿಸುತ್ತದೆ ಎಂದು ನಾನು ಹೇಳುತ್ತಿಲ್ಲ; ಹುಟ್ಟಿದ್ದನ್ನು ತಡೆಯುವ ಜಾಗದಲ್ಲಿ ಅದು ಮೌನವಾಗಿದೆ.

ಪಠ್ಯದ ಓದಿನಿಂದ ಇಷ್ಟನ್ನು ಹೇಳಬಹುದು. ಒಂದೇ ಇಲಾಖೆಯ ಮೊದಲ ಮತ್ತು ಮೂರನೆಯ ನೇಮಕದ ಅನುಮೋದನಾ ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟು ಓದುವ ಕೆಲಸ ಉಳಿದಿದೆ. ಕರ್ನಾಟಕ ತನ್ನದೇ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಡಿ ನಡೆಯುವುದರಿಂದ ಇಲ್ಲಿನ ಕಡತಗಳಿಗೆ ಬೇರೆಯೇ ಅಧ್ಯಯನ ಬೇಕು.